ಉಳ್ಳಾಗಡ್ಡಿಯ ಉ: ಗೆಳೆಯನಿಗೊಂದು ಪತ್ರ

ಮೈಸೂರು
ಭಾನುವಾರ

ದೋಸ್ತ,

ಹೋದ ವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ನೇತಾಡುತ್ತಿದ್ದೆ, ಗಲಾಟೆ ಬೇರೆ. "ಎನ್‌ಎಸ್‌ಎಸ್‌ನವರು ಸಾಲಿಗೆ (ಶಾಲೆಗೆ) ಹೋಗಿ ಏನ್ ಮಾಡ್ತೀರಲೇ, ಸರ್ಟಿಫಿಕೇಟ್ ಬಿಟ್ಟು?" ಅಂತ ನೀನು ಕೇಳಿದ್ದೆ. ಧಾರವಾಡದಲ್ಲಿ ಈ ರಾಷ್ಟ್ರೀಯ ಸೇವಾ ಯೋಜನೆಗೆ ನಿನ್ನನ್ನೂ ಸೇರು ಅಂತ ಹಿಂಸೆ ಮಾಡುತ್ತಿದ್ದಾರಂತೆ. ಇವತ್ತು ರೂಮಿನಲ್ಲಿ ಯಾರೂ ಇಲ್ಲ, ಬಟ್ಟೆ ನೆನೆಹಾಕಿ ಕೂತಿದ್ದೇನೆ. ಉದ್ದ ಆಗುತ್ತೆ, ಓದು. ಬೇರೆಯವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು ಸರ್ಟಿಫಿಕೇಟ್ ವಿಷಯ ಮುಗಿಸಿಬಿಡೋಣ. ಹೌದು, ಕೊಡುತ್ತಾರೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ 7 ದಿನದ ಒಂದು ಶಿಬಿರ. ನಾನು ಸೇರಿದ್ದೂ ಅದಕ್ಕೇ, ಸುಳ್ಳು ಯಾಕೆ ಹೇಳಲಿ. 1969ರಲ್ಲಿ, ಗಾಂಧಿ ಹುಟ್ಟಿ ನೂರು ವರ್ಷ ಆದಾಗ, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು ಇದು ಅಂತ ಮೊದಲ ದಿನ ಭಾಷಣ ಮಾಡಿದರು. ಅರ್ಧ ಕೇಳಿಸಿಕೊಂಡೆ. ಮನಸ್ಸಿಗೆ ಹಿಡಿಸಿದ್ದು ಬ್ಯಾಡ್ಜ್ ಮಾತ್ರ. ಅದರ ಮೇಲೆ ಕೊನಾರ್ಕದ ರಥದ ಚಕ್ರ ಇದೆ. ಎಂಟು ಅರೆ, ದಿನದ ಎಂಟು ಜಾವ. ಒಂದು ಜಾವ ಅಂದ್ರೆ ಮೂರು ಗಂಟೆ ಅಲ್ವಾ? ನಾನು ಹೋಗೋದು ಒಂದು ಸರ್ಕಾರಿ ಶಾಲೆಗೆ, ಅಲ್ಲಿ ಶನಿವಾರ ಬೆಳಗಿನ ಹೊತ್ತು ಮಾತ್ರ ಪಾಠ. ಸರಿಯಾಗಿ ಒಂದು ಜಾವ. 120 ಗಂಟೆಗೆ 40 ಶನಿವಾರ ಅಂತ ಲೆಕ್ಕ ಹಾಕಿಕೊಂಡೇ ಹೋದವನು ನಾನು. ಈಗ ಎಷ್ಟಾಯಿತು ಅಂತ ಕೇಳಿದರೆ ಡೈರಿ ತೆಗೆದು ನೋಡಬೇಕು.

ಶಾಲೆ ಇರೋದು ರಿಂಗ್ ರೋಡ್ ಆಚೆ. ಮೂವರು ಮಿಸ್‌ಗಳು, ನಲವತ್ತು ಚಿಲ್ಲರೆ ಮಕ್ಕಳು. ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಅರ್ಧ ಕಟ್ಟಿದ ಮನೆ, ಜಲ್ಲಿ ರಾಶಿ, ತಗಡಿನ ಶೆಡ್ಡು. ಮಕ್ಕಳಲ್ಲಿ ಸುಮಾರು ಜನ ಆ ಶೆಡ್ಡುಗಳಿಂದಲೇ ಬರುವವರು. ನಿಮ್ಮ ಕಡೆಯವರು ಕಣೋ. ರಾಯಚೂರು, ಯಾದಗಿರಿ, ಕಲಬುರಗಿ.

ಮೊದಲ ಶನಿವಾರ ನಾನು ಬರಿಗೈಯಲ್ಲಿ ಹೋಗಲಿಲ್ಲ. ಎರಡು ರಾತ್ರಿ ಕೂತು ಡ್ರಾಯಿಂಗ್ ಶೀಟಿನ ಮೇಲೆ ಇಡೀ ವರ್ಣಮಾಲೆ ಬರೆದಿದ್ದೆ. 49 ಅಕ್ಷರಕ್ಕೂ ಒಂದೊಂದು ಚಿತ್ರ, ಸ್ಕೆಚ್ ಪೆನ್ನಿನ ಬಣ್ಣ. ಆನೆಗೆ ಸೊಂಡಿಲು ಸರಿ ಬರಲಿಲ್ಲ, ಉಳಿದದ್ದೆಲ್ಲ ಚೆನ್ನಾಗಿತ್ತು. ಚಿಕ್ಕ ಕ್ಲಾಸಿನವರಿಗೆ 'ನಲಿ ಕಲಿ' ಅನ್ನೋ ಪದ್ಧತಿಯಲ್ಲಿ ಕಲಿಸುವ ಮಿಸ್ ಅದನ್ನು ಬಿಚ್ಚಿ ಪೂರ್ತಿ ನೋಡಿದರು. "ತುಂಬಾ ಚೆನ್ನಾಗಿದೆಪ್ಪ. ಆಫೀಸ್ ರೂಮಲ್ಲಿ ಹಾಕೋಣ" ಅಂದರು. ಹೊಗಳಿದರು ಅಂದುಕೊಂಡು ಬೀಗಿದೆ. ಇಲ್ಲ, ಕ್ಲಾಸಲ್ಲೇ ಇರಲಿ ಮಿಸ್ ಅಂತ ನಾನೇ ಹಟ ಮಾಡಿ ಗೋಡೆಗೆ ಅಂಟಿಸಿದೆ. ಕೋಲು ಹಿಡಿದು ಅ, ಆ, ಇ, ಈ ಅಂತ ಶುರು ಮಾಡಿದೆ. ಮುಂದೆ ಕೂತಿದ್ದ ಒಂದನೇ ಕ್ಲಾಸಿನ ಹುಡುಗಿ ಎದ್ದು ನಿಂತು, "ಹಂಗಲ್ಲ ಅಣ್ಣ, ರ ಗ ಸ ದ ಅ" ಅಂದಳು.

ನಲಿ ಕಲಿಯಲ್ಲಿ ಅಕ್ಷರ ಕಲಿಸುವುದು ಹಾಗೆ ಕಣೋ. ಅ ಮೊದಲು ಅಲ್ಲ. ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ನನಗೆ ಇದು ಗೊತ್ತೇ ಇರಲಿಲ್ಲ. ನಾನು ಓದಿದ್ದು ಕಾನ್ವೆಂಟು, ನಮಗೆ ಎಲ್ಲ ಸಾಲಾಗಿ ಬಾಯಿಪಾಠ. ಮಿಸ್ ಸುಮ್ಮನೆ ಚಾಕ್ ಕೊಟ್ಟು, "ಈ ಐದೇ ಅಕ್ಷರದಲ್ಲಿ ಎಷ್ಟು ಪದ ಆಗುತ್ತೆ ಬರಿ ನೋಡೋಣ" ಅಂದರು. ಬರೆದೆ. ಸರ, ದರ, ಅರಸ, ಅಗಸ. ಆಮೇಲೆ ಗರಗಸ. ಸರಸರ, ಗರಗರ. ನೀನೂ ಬರೆದು ನೋಡು. ಅ ಆ ಇ ಈ ಉ ಇಟ್ಟುಕೊಂಡು ಒಂದು ಪದ ಮಾಡು ನೋಡೋಣ, ಬರೀ ಆ, ಈ ಬಿಟ್ಟರೆ ಆಗಲ್ಲ. ಅಲ್ಲಿ ಐದು ಅಕ್ಷರ ಕಲಿತ ಮಗು ಮಾರನೇ ದಿನ ಗರಗಸ ಅಂತ ಓದುತ್ತೆ. ಓದಿದ ತಕ್ಷಣ ಅದರ ಮುಖ ನೋಡಬೇಕು ನೀನು.

ಇನ್ನೊಂದು ಮಜಾ ಗೊತ್ತಾ? ಇದು ಹುಟ್ಟಿದ್ದು ಇಲ್ಲೇ ಪಕ್ಕದಲ್ಲಿ, ಎಚ್.ಡಿ. ಕೋಟೆ ತಾಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಮಾಡಿಕೊಂಡರು. ಆಮೇಲೆ ರಾಜ್ಯದ ಶಾಲೆಗಳಿಗೆಲ್ಲ ಬಂತು. ಎಚ್.ಡಿ. ಕೋಟೆ ಅಂದ್ರೆ ನಮಗೆಲ್ಲ ಕಬಿನಿ ಡ್ಯಾಮು, ಸಫಾರಿ, ಅಷ್ಟೇ. ಮೈಸೂರಿನ ಮೆಡಿಕಲ್ ಕಾಲೇಜಿನ ಹುಡುಗರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅಂತ ಕಟ್ಟಿಕೊಂಡು ಕೆಲಸಕ್ಕೆ ಹೋದದ್ದೂ ಅದೇ ಕೋಟೆ ಕಾಡಿನ ಹಾಡಿಗಳಿಗೆ, ಅಂದ್ರೆ ಆದಿವಾಸಿಗಳ ಊರುಗಳಿಗೆ. ನಮ್ಮ ವಯಸ್ಸಿನವರೇ ಆಗ. ನಾನು ಒಂದು ಚಾರ್ಟಿಗೇ ಬೀಗಿದ್ದೆ.

ನಲಿ ಕಲಿ ಕ್ಲಾಸ್ ನೀನು ನೋಡಬೇಕು. ಒಂದರಿಂದ ಮೂರನೇ ಕ್ಲಾಸಿನವರೆಗೆ ಒಂದೇ ರೂಮು. ಬೆಂಚು ಇಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಆ ಗುಂಪಿಗೆ 'ತಟ್ಟೆ' ಅಂತಾರೆ. "ಎರಡನೇ ತಟ್ಟೆಗೆ ಹೋಗಿ" ಅಂತ ಮಿಸ್ ಅಂದಾಗ ನಾನು ತಿಂಡಿ ಕೊಡುತ್ತಾರೆ ಅಂದುಕೊಂಡೆ! ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ತಾನೇ ನೋಡಿ, ಕಾರ್ಡ್ ತೆಗೆದುಕೊಂಡು ಹೋಗಿ ಕೂರುತ್ತೆ. ಹತ್ತು ದಿನ ಊರಿಗೆ ಹೋಗಿ ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಶೆಡ್ಡಿನ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗಲು ತಿಂಗಳು ಬೇಕಾಯಿತು. ದೂರು ಹೇಳುವವರೂ ಇದ್ದಾರೆ. ಕಾರ್ಡು ಹರಿದರೆ ಹೊಸದು ಬರಲ್ಲ, ಒಬ್ಬರೇ ಮಿಸ್‌ಗೆ ಮೂರು ಕ್ಲಾಸು. ಅದೂ ನಿಜವೇ.

ಈಗ ನಿನಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ.

ಆಗಸ್ಟ್‌ನಲ್ಲಿ ಮೂರು ಹೊಸ ಮಕ್ಕಳು ಬಂದರು. ಒಂದೇ ಶೆಡ್ಡಿನವರು. ಟಿಸಿ ಇಲ್ಲ, ಏನೂ ಇಲ್ಲ. ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದೆ ಕಳಿಸುವ ಹಾಗಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಅಂದರು ಹೆಡ್ ಮಿಸ್, ಅವತ್ತೇ ಸೇರಿಸಿಕೊಂಡರು. ಅವರಲ್ಲಿ ಒಬ್ಬ ಏಳು ವರ್ಷದ ಹುಡುಗ, ಯಾದಗಿರಿ ಕಡೆಯವನು. ನಾನು ಉತ್ಸಾಹದಿಂದ ನನ್ನ ಚಾರ್ಟಿನ ಹತ್ತಿರ ಕರೆದೆ. ಈರುಳ್ಳಿ ಚಿತ್ರದ ಮೇಲೆ ಕೋಲಿಟ್ಟು, "ಇದರ ಮೊದಲ ಅಕ್ಷರ ಹೇಳು" ಅಂದೆ. ಅವನು ಒಂಚೂರು ಯೋಚಿಸಿ "ಉ" ಅಂದ. "ತಪ್ಪು, ಈ" ಅಂದೆ. ಹಿಂದಿನ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಹೋಗಿ ಕೂತ. ಆಮೇಲೆ ಮೂರು ಶನಿವಾರ ಅವನು ನನ್ನ ಹತ್ತಿರ ಬಾಯಿ ಬಿಡಲಿಲ್ಲ. ಮಿಸ್ ಜೊತೆ ಮಾತಾಡ್ತಾನೆ, ಮಕ್ಕಳ ಜೊತೆ ಕಿರುಚಾಡ್ತಾನೆ, ನಾನು ಹೋದರೆ ನೆಲ ನೋಡ್ತಾನೆ. ದಡ್ಡ ಇರಬೇಕು ಅಂತ ಡೈರಿಯಲ್ಲಿ ಬರೆದಿದ್ದೆ. ಆ ಪುಟ ಹರಿದುಹಾಕಿಲ್ಲ, ಇರಲಿ ಅಂತ.

ನಾಲ್ಕನೇ ಶನಿವಾರ ಹಾಲು ಹಂಚಲು ಅಡುಗೆ ಮನೆಗೆ ಹೋದೆ. 2013ರಲ್ಲಿ ಕ್ಷೀರಭಾಗ್ಯ ಬಂದಾಗ ನಾವೂ ಚಿಕ್ಕವರು, ನಿಮ್ಮ ಶಾಲೆಯಲ್ಲಿ ಹಾಲಿನ ಲೋಟ ಚೆಲ್ಲಿ ಏಟು ತಿಂದ ಕಥೆ ನೀನೇ ಹೇಳಿದ್ದೆ. ಅಡುಗೆಯ ಅಕ್ಕ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಇವನು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ. ಕಣ್ಣು ಉಜ್ಜಿಕೊಂಡು ಹೇಳಿದ, "ಅಕ್ಕಾ, ಉಳ್ಳಾಗಡ್ಡಿ ಬಾಳ ಖಾರ ಅದಾವ ನೋಡ್ರಿ."

ಉಳ್ಳಾಗಡ್ಡಿ!

ಹಾಲಿನ ಜಗ್ ಹಿಡಿದು ಹಾಗೇ ನಿಂತುಬಿಟ್ಟೆ. ಹುಡುಗ ಸರಿಯಾಗೇ ಹೇಳಿದ್ದ. ಉಳ್ಳಾಗಡ್ಡಿಯ ಉ. ಮತ್ತೆ ನಿನ್ನ ನೆನಪಾಯಿತು. ಪಿಯುಸಿ ಹಾಸ್ಟೆಲ್‌ನಲ್ಲಿ ಮೊದಲ ವಾರ, ಊಟದ ಸಾಲಿನಲ್ಲಿ ನೀನು ಭಟ್ಟರ ಹತ್ತಿರ ಉಳ್ಳಾಗಡ್ಡಿ ಕೇಳಿದೆ. ಇಡೀ ಸಾಲು ನಕ್ಕಿತು. ಒಂದು ತಿಂಗಳು ನಿನಗೆ ಅದೇ ಹೆಸರು. ಆ ಹೆಸರು ಇಟ್ಟವನು ನಾನು. ನೀನು ಆಮೇಲೆ ನಮ್ಮ ಜೊತೆ ಈರುಳ್ಳಿ ಅನ್ನೋಕೆ ಶುರು ಮಾಡಿದೆ, ಅಮ್ಮನಿಗೆ ಫೋನ್ ಮಾಡುವಾಗ ಮಾತ್ರ ಬಾತ್‌ರೂಮ್ ಹತ್ತಿರ ಹೋಗಿ ಮಾತಾಡುತ್ತಿದ್ದೆ. ಸಿಗ್ನಲ್ ಸಿಗಲ್ಲ ಅನ್ನುತ್ತಿದ್ದೆ. ಸಿಗ್ನಲ್ ರೂಮಲ್ಲೂ ಸಿಗುತ್ತಿತ್ತು ಅಲ್ವಾ?

ಅವತ್ತು ಮಿಸ್‌ಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. "ಅದಕ್ಕೇ ಆಫೀಸ್ ರೂಮಲ್ಲಿ ಹಾಕೋಣ ಅಂದಿದ್ದು" ಅಂದರು.

ಸಂಜೆಯ ಕೆಲಸದ ಬಗ್ಗೆ ಜಾಸ್ತಿ ಬರೆಯಲ್ಲ. ಮಂಗಳವಾರ, ಗುರುವಾರ ನಮ್ಮ ಏರಿಯಾದ ಒಂದು ಸಣ್ಣ ಸಂಸ್ಥೆ ಸಮುದಾಯ ಭವನದಲ್ಲಿ ಉಚಿತ ಪಾಠ ಮಾಡುತ್ತೆ. ನನಗೆ ಗಣಿತ. ಏಳನೇ ಕ್ಲಾಸಿನ ಒಬ್ಬಳಿದ್ದಾಳೆ, ಸಂಜೆ ತಾಯಿ ಜೊತೆ ಮಲ್ಲಿಗೆ ಮಾರುವವಳು. 120ನ್ನು 4ರಿಂದ ಭಾಗಿಸು ಅಂದರೆ ಬೋರ್ಡನ್ನೇ ದಿಟ್ಟಿಸುತ್ತಾ ನಿಂತಳು. ಆಗಲೇ ಉಳ್ಳಾಗಡ್ಡಿ ಪಾಠ ಆಗಿತ್ತಲ್ಲ, ನನಗೆ ಸ್ವಲ್ಪ ಬುದ್ಧಿ ಬಂದಿತ್ತು. "ಒಂದು ಮಾರು ಹೂವಿಗೆ 120 ರೂಪಾಯಿ, ಒಂದು ಮೊಳಕ್ಕೆ ಎಷ್ಟು?" ಅಂದೆ. ಬಾಯಿ ಮುಚ್ಚುವ ಮೊದಲೇ, "ಮೂವತ್ತು. ಆದ್ರೆ ಒಂದೇ ಮೊಳ ತಗೊಂಡ್ರೆ ಮೂವತ್ತೈದು" ಅಂದಳು. ವ್ಯಾಪಾರ ಅವಳೇ ನನಗೆ ಕಲಿಸಬೇಕು.

ಎಲ್ಲ ಹೀಗೆ ಚೆಂದವಾಗೇ ನಡೆಯಿತು ಅಂದುಕೊಳ್ಳಬೇಡ. ಸೆಪ್ಟೆಂಬರ್‌ನಲ್ಲಿ ನಾನೊಂದು ಎಡವಟ್ಟು ಮಾಡಿದೆ. ಒಂದು ಕಂಪನಿಯವರು ಮಕ್ಕಳಿಗೆ ಸ್ಕೂಲ್ ಬ್ಯಾಗ್ ಕೊಡುತ್ತೇವೆ ಅಂದರು, ಎಷ್ಟು ಜನ ಅಂತ ನನ್ನನ್ನು ಕೇಳಿದರು. ನಾನು ಜುಲೈನಲ್ಲಿ ಎಣಿಸಿದ್ದ 40 ಹೇಳಿದೆ. ಬ್ಯಾಗೂ 40 ಬಂತು, ಮಕ್ಕಳು 43. ಬ್ಯಾನರ್ ಕಟ್ಟಿದ ಮೇಲೆ, ಎಲ್ಲರೂ ಸಾಲಾಗಿ ನಿಂತ ಮೇಲೆ ಗೊತ್ತಾಯಿತು. ಹೆಡ್ ಮಿಸ್ ಒಂದೇ ಮಾತು: "43 ಆದ ಮೇಲೆ ಕೊಡೋಣ ಸಾರ್." ಬಂದವರಿಗೆ ಫೋಟೋ ಬೇಕಿತ್ತು. ಕೊನೆಗೆ ಏನಾಯಿತು ಗೊತ್ತಾ? ಮಕ್ಕಳ ಕೈಗೆ ಬ್ಯಾಗ್ ಕೊಟ್ಟು, ಮೇಲೆತ್ತಿ ಹಿಡಿಸಿ, ಫೋಟೋ ತೆಗೆದು, ವಾಪಸ್ ಇಸಿದುಕೊಂಡು ರೂಮಿಗೆ ಬೀಗ ಹಾಕಿದೆವು. ವಾಪಸ್ ಇಸಿದುಕೊಂಡವರಲ್ಲಿ ನಾನೂ ಒಬ್ಬ. ಒಂದನೇ ಕ್ಲಾಸಿನ ಆ ರ ಗ ಸ ದ ಅ ಹುಡುಗಿ ಬ್ಯಾಗಿನ ಪಟ್ಟಿ ಬಿಡಲಿಲ್ಲ, ಬೆರಳು ಬಿಡಿಸಬೇಕಾಯಿತು.

ಸೋಮವಾರ ನನ್ನ ದುಡ್ಡಿನಲ್ಲೇ ಮೂರು ಬ್ಯಾಗ್ ತಂದೆ. ಅದೇ ಥರದ್ದು ಎಲ್ಲೂ ಸಿಗಲಿಲ್ಲ. ಉಳಿದ 40 ಕಪ್ಪು, ಕಂಪನಿ ಹೆಸರಿನವು. ಈ ಮೂರು ಕೆಂಪು, ಮೇಲೆ ಕಾರ್ಟೂನು. ಬೇರೆ ಮಾಡಿದ ಹಾಗಾಯಿತಲ್ಲ ಅಂತ ಅಳುಕಿಕೊಂಡೇ ಕೊಟ್ಟೆ. ಹತ್ತು ನಿಮಿಷದಲ್ಲಿ ಇಡೀ ಶಾಲೆ ಆ ಮೂರು ಬ್ಯಾಗಿನ ಹಿಂದೆ! ನನ್ನ ಯಾದಗಿರಿ ಹುಡುಗ ಒಬ್ಬೊಬ್ಬರಿಗೆ ಒಂದೊಂದು ಸುತ್ತು ಹಾಕಿಕೊಳ್ಳಲು ಕೊಡುತ್ತಿದ್ದ, ಬದಲಿಗೆ ಗೋಲಿ ತಗೊಂಡು. ನನ್ನ ಹತ್ತಿರ ಬಂದು, "ಸರ, ನೀವೂ ಹಾಕ್ಕೋರಿ, ನಿಮಗ ಗೋಲಿ ಬ್ಯಾಡ" ಅಂದ. ಅವನು ನನಗೆ ಆಡಿದ ಎರಡನೇ ಮಾತು ಅದು. ಮೊದಲನೆಯದು ಉ.

ನಿನ್ನ ಪ್ರಶ್ನೆಗೆ ಬಂದರೆ, ಸೇರು. ಗೋಡೆಗೆ ಬಣ್ಣ ಹೊಡೆಯೋ ಕೆಲಸ ಕೊಟ್ಟರೆ ಹೊಡಿ, ಅದರಲ್ಲಿ ತಪ್ಪೇನಿಲ್ಲ, ಆದರೆ ಗೋಡೆಯ ಕೆಳಗೆ ಮಕ್ಕಳು ಬರೆಯುವ ಕಪ್ಪು ಪಟ್ಟಿ ಇದ್ದರೆ ಅದರ ಮೇಲೆ ಹೂವು ಬಿಡಿಸಬೇಡ. ಒಂದು ಕಡೆ ಹಾಗೂ ಆಗಿದೆ. ಶಾಲೆಯ ಮಿಸ್ ಅಥವಾ ಮೇಷ್ಟ್ರನ್ನು ಕೇಳಿಯೇ ಬ್ರಷ್ ಹಿಡಿ. ಶಾಲೆಗೆ ಹೋಗುವ ದಿನ ಒಂದೇ ಇಟ್ಟುಕೊ, ತಪ್ಪಿಸಬೇಡ. ನಾನು ಇಂಟರ್ನಲ್ಸ್ ಅಂತ ಎರಡು ಶನಿವಾರ ತಪ್ಪಿಸಿದ್ದಕ್ಕೆ, "ನೀವೂ ಊರಿಗೆ ಹೋಗಿದ್ರೇನ್ರಿ?" ಅಂತ ಕೇಳಿದ ಆ ಯಾದಗಿರಿ ಹುಡುಗ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹಳೆ ಚಾರ್ಟ್ ತೆಗೆದೆ. ಹೊಸ ಕಾರ್ಡ್ ಮಾಡುತ್ತಿದ್ದೇನೆ, ಮಿಸ್ ಒಪ್ಪಿದ್ದಾರೆ. ಒಂದೇ ಚಿತ್ರ, ಕೆಳಗೆ ಎರಡು ಪದ, ನಮ್ಮದೊಂದು, ನಿಮ್ಮದೊಂದು. ನನಗೆ ಗೊತ್ತಿರೋದು ಇಷ್ಟೇ: ಕಡಲೆಕಾಯಿಗೆ ಶೇಂಗಾ, ಪೊರಕೆಗೆ ಕಸಬರಿಗೆ, ಪುರಿಗೆ ಮಂಡಾಳ, ಹುರಿಗಡಲೆಗೆ ಪುಟಾಣಿ. ಮುಂದೆ ನನಗೆ ಬರಲ್ಲ. ಅವ್ವನಿಗೆ ಫೋನ್ ಮಾಡು, ರೂಮಿನಲ್ಲೇ ಕೂತು ಮಾಡು, ಒಂದು ಇಪ್ಪತ್ತು ಪದ ಕೇಳಿ ಬರೆದುಕೊ. ಅಡುಗೆ ಮನೆಯವು, ಹೊಲದವು. ಚಿತ್ರ ಬಿಡಿಸೋಕೆ ಆಗುವಂಥವೇ ಇರಲಿ, ನನ್ನ ಆನೆ ಸೊಂಡಿಲಿನ ಕಥೆ ಗೊತ್ತಲ್ಲ. ಶುಕ್ರವಾರ ರಾತ್ರಿಯೊಳಗೆ ಕಳಿಸು. ಉಳ್ಳಾಗಡ್ಡಿ ಮಾತ್ರ ಬರೆಯಬೇಡ, ಅದನ್ನು ಬಿಡಿಸಿ ಆಗಿದೆ.

ನಿನ್ನ
ಮಂಡ್ಯದವನು