ಸಾಲು ಮುರಿದರೆ ಕವಿತೆಯಾಗುತ್ತದೆಯೇ?

ಮೈಸೂರು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಲು ನನಗೆ ಮನಸ್ಸಾಗಲಿಲ್ಲ. ನಿನ್ನ ಹಾಸ್ಟೆಲಿನ ಗೆಳತಿ ನೀನು ಓದುವ ಪದ್ಯಕಾದಂಬರಿಗಳನ್ನು, ಅಂದರೆ ಇಡೀ ಕಥೆಯನ್ನು ಕವಿತೆಗಳಲ್ಲೇ ಹೇಳುವ ಪುಸ್ತಕಗಳನ್ನು ನೋಡಿ, ‘ಇವೆಲ್ಲ ಕವಿತೆಯೂ ಅಲ್ಲ, ಕಾದಂಬರಿಯೂ ಅಲ್ಲ, ಗದ್ಯವನ್ನು ತುಂಡರಿಸಿ ಪುಟ ತುಂಬಿಸುವ ಉಪಾಯ’ ಎಂದಳಂತೆ. ನಿನಗೆ ಸಿಟ್ಟು ಬಂತು, ಉತ್ತರ ಹೊಳೆಯಲಿಲ್ಲ ಎಂದೆ. ನೀನು ಇಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ಈ ಬೇಸಿಗೆಯಲ್ಲಿ ಒಂದೊಂದಾಗಿ ಓದಿದ್ದೇನೆ. ಇಷ್ಟು ವರ್ಷ ತರಗತಿಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸುತ್ತ ಬಂದವಳಿಗೆ ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ.

ಮೊದಲು ನಿನ್ನ ಗೆಳತಿಯ ಪರವಾಗಿ ಒಂದು ಮಾತು. ಅವಳು ಸುಮ್ಮನೆ ಹೇಳಿದ್ದಲ್ಲ. ಮೊಬೈಲಿನಲ್ಲಿ ದಿನವೂ ಹರಿದು ಬರುವ ನಾಲ್ಕು ಸಾಲಿನ ಬರಹಗಳನ್ನು ನಾನೂ ನೋಡುತ್ತೇನೆ. ‘ನೀನು / ಹೊರಟುಹೋದೆ / ನಾನು / ಇಲ್ಲೇ ಉಳಿದೆ’ ಎನ್ನುವ ಬಗೆಯವು. ಇವನ್ನು ಒಂದೇ ಸಾಲಿನಲ್ಲಿ ಬರೆದು ನೋಡು: ನೀನು ಹೊರಟುಹೋದೆ, ನಾನು ಇಲ್ಲೇ ಉಳಿದೆ. ಏನು ಹೋಯಿತು? ಏನೂ ಹೋಗಲಿಲ್ಲ. ಹಾಗಾದರೆ ಆ ಮುರಿತಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ನನ್ನ ಪರೀಕ್ಷೆ ಇಷ್ಟೇ. ಸಾಲುಗಳನ್ನು ಕೂಡಿಸಿ ಬರೆದಾಗ ಯಾವುದೋ ಒಂದು ಉಸಿರು, ಒಂದು ಭಯ, ಒಂದು ಅರ್ಥ ಕಳೆದುಹೋಗಬೇಕು. ಹಾಗೆ ಕಳೆದುಹೋಗುವುದಾದರೆ ಅದು ಕವಿತೆ.

ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017) ಪುಸ್ತಕವನ್ನು ಈ ಪರೀಕ್ಷೆಗೆ ಒಡ್ಡಿದೆ. ಹದಿನೈದು ವರ್ಷದ ವಿಲ್‌ನ ಅಣ್ಣ ಗುಂಡೇಟಿಗೆ ಬಲಿಯಾಗಿದ್ದಾನೆ. ಅವರ ಕೇರಿಯ ಕಟ್ಟಳೆಗಳು ಮೂರು: ಅಳಬಾರದು, ಯಾರ ಹೆಸರನ್ನೂ ಹೇಳಬಾರದು, ಸೇಡು ತೀರಿಸಿಕೊಳ್ಳಬೇಕು. ಅಣ್ಣನ ಡ್ರಾವರಿನಿಂದ ಪಿಸ್ತೂಲು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಗ ಲಿಫ್ಟ್ ಹತ್ತುತ್ತಾನೆ. ಮೇಲಿನ ಮಹಡಿಯಿಂದ ಕೆಳಗಿಳಿಯುವ ಒಂದು ನಿಮಿಷದ ಆಸುಪಾಸಿನಲ್ಲಿ ಕಥೆಯ ಜೀವವೆಲ್ಲ ಇದೆ. ಮಹಡಿಗೊಬ್ಬರಂತೆ ಸತ್ತವರು ಒಳಗೆ ಬಂದು ನಿಲ್ಲುತ್ತಾರೆ. ಎಂಟನೆಯ ವಯಸ್ಸಿನಲ್ಲಿ ಆಟದ ಬಯಲಿನಲ್ಲೇ ಪ್ರಾಣಬಿಟ್ಟ ಬಾಲ್ಯದ ಗೆಳತಿ ಡ್ಯಾನಿ ಈಗ ಬೆಳೆದ ಹುಡುಗಿಯಾಗಿ ಬಂದು, ‘ಗುರಿ ತಪ್ಪಿದರೆ?’ ಎಂದು ಕೇಳುತ್ತಾಳೆ. ಅವಳನ್ನು ಕೊಂದ ಗುಂಡು ಅವಳಿಗಾಗಿ ಹಾರಿಸಿದ್ದಲ್ಲ ಎಂಬುದು ನಮಗೆ ಗೊತ್ತು. ಆ ಭಾಗದ ಒಂದು ಪುಟವನ್ನು ಹಾಳೆಯ ಮೇಲೆ ಗದ್ಯದಂತೆ ಉದ್ದಕ್ಕೆ ಬರೆದುಕೊಂಡೆ. ಸಂಗತಿಗಳೆಲ್ಲ ಉಳಿದವು, ಆದರೆ ಹುಡುಗ ಧೈರ್ಯವಂತನಾಗಿಬಿಟ್ಟ! ಮೂಲದಲ್ಲಿ ಅವನ ಮಾತು ಎರಡು ಪದಕ್ಕೊಮ್ಮೆ ತಡೆಯುತ್ತದೆ. ಆ ತಡೆಯಲ್ಲೇ ಅವನ ನಡುಕ ಕಾಣುವುದು. ಅಳಬಾರದೆಂಬ ಕಟ್ಟಳೆಗೆ ಒಳಪಟ್ಟವನು ತನಗೆ ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾರ. ಅವನು ಹೇಳಲಾರದ್ದನ್ನು ಸಾಲಿನ ಕೊನೆಯ ಬಿಳಿ ಜಾಗ ಹೇಳುತ್ತದೆ. ಕೊನೆಯ ಪುಟದಲ್ಲಿ ಅಣ್ಣ ಕೇಳುವ ‘ಬರುತ್ತೀಯಾ?’ ಎಂಬ ಪ್ರಶ್ನೆಗೆ ಲೇಖಕರು ಉತ್ತರ ಕೊಡದೆ ಪುಸ್ತಕ ಮುಗಿಸಿದ್ದು ದೊಡ್ಡ ಧೈರ್ಯ. ಹರೆಯದವರಿಗೆ ಬರೆಯುವವರು ಬುದ್ಧಿ ಹೇಳದೆ ಸುಮ್ಮನಿರುವುದು ಸುಲಭವಲ್ಲ ಪುಟ್ಟಿ.

ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ (2018) ನನ್ನನ್ನು ಇನ್ನೂ ಹೆಚ್ಚು ದಿನ ಹಿಡಿದಿಟ್ಟಿತು. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್, ಮರುವರ್ಷ ಬ್ರಿಟನ್ನಿನ ಕಾರ್ನೆಗಿ ಪದಕ ಎರಡೂ ಬಂದ ಪುಸ್ತಕ. ಪ್ರಶಸ್ತಿಗಳ ಮಾತು ಹಾಗಿರಲಿ; ಅದರೊಳಗಿನ ಶಾಲೆಯ ಪ್ರಬಂಧಗಳನ್ನು ನೀನು ಗಮನಿಸಿದೆಯಾ? ‘ನಿನ್ನ ಬದುಕಿನ ಮೇಲೆ ಹೆಚ್ಚು ಪರಿಣಾಮ ಬೀರಿದ ದಿನದ ಬಗ್ಗೆ ಬರೆ’ ಎಂದು ಇಂಗ್ಲಿಷ್ ಟೀಚರ್ ಹೇಳುತ್ತಾರೆ. ಕಥಾನಾಯಕಿ ಶಿಯೋಮಾರಾ ಮೊದಲು ಬರೆಯುವ ಕರಡು ಪದ್ಯದಲ್ಲಿದೆ. ಮೊದಲ ಸಲ ಮುಟ್ಟಾದ ದಿನ, ಯಾರೂ ಏನೂ ಹೇಳಿಕೊಡದೆ ತಾನೇ ದಾರಿ ಹುಡುಕಿಕೊಂಡದ್ದು, ತಾಯಿಯಿಂದ ಪೆಟ್ಟು ತಿಂದದ್ದು. ಅವಳು ಟೀಚರಿಗೆ ಕೊಡುವ ಕೊನೆಯ ಪ್ರತಿ ಮಾತ್ರ ಅಚ್ಚುಕಟ್ಟಾದ ಗದ್ಯ: ಅವಳಿ ಸೋದರ ಹುಟ್ಟುಹಬ್ಬಕ್ಕೆ ನೋಟ್‌ಬುಕ್ ಕೊಟ್ಟ ದಿನ. ಎರಡನ್ನೂ ಒಂದರ ಹಿಂದೆ ಒಂದು ಇಟ್ಟು ಲೇಖಕಿ ಸುಮ್ಮನಾಗುತ್ತಾರೆ. ಲೋಕಕ್ಕೆ ತೋರಿಸಬಹುದಾದದ್ದು ಗದ್ಯಕ್ಕೆ ಹೋಯಿತು, ತೋರಿಸಲಾಗದ್ದು ಪದ್ಯದಲ್ಲಿ ಉಳಿಯಿತು. ನಿನ್ನ ಗೆಳತಿಗೆ ನಾನು ಕೊಡುವ ಉತ್ತರ ಈ ಕೆಲವು ಪುಟಗಳಲ್ಲೇ ಇದೆ. ಈ ಹುಡುಗಿಯ ಕಥೆಯನ್ನು ಪೂರ್ತಿ ಗದ್ಯದಲ್ಲಿ ಬರೆದಿದ್ದರೆ ನಮಗೂ ಆ ಕೊನೆಯ ಪ್ರತಿಯೇ ಸಿಗುತ್ತಿತ್ತು.

ಆ ತಾಯಿ ಮಗಳ ನೋಟ್‌ಬುಕ್ಕಿಗೆ ಬೆಂಕಿ ಇಡುವ ಭಾಗವನ್ನು ನಾನು ಎರಡು ಸಲ ಓದಿದೆ. ಉರಿಯುವ ಹಾಳೆಗಳ ಮುಂದೆ ನಿಂತು ಮಗಳು ಬಾಯಿಗೆ ಬರುತ್ತಿದ್ದ ತನ್ನ ಕವಿತೆಗಳನ್ನೇ ಹೇಳುತ್ತಾಳೆ. ಮೈ ಜುಮ್ಮೆಂದಿತು. ಆದರೂ ಆ ತಾಯಿಯನ್ನು ದ್ವೇಷಿಸಲು ನನ್ನಿಂದಾಗಲಿಲ್ಲ. ಸನ್ಯಾಸಿನಿಯಾಗಬೇಕೆಂದಿದ್ದವಳು, ಮದುವೆಯಾಗಿ ಪರದೇಶಕ್ಕೆ ಬಂದು ಕಚೇರಿಗಳನ್ನು ಗುಡಿಸಿ ಒರೆಸಿ ಮಕ್ಕಳನ್ನು ಸಾಕಿದವಳು, ಮಗಳ ಮೈ ಬೆಳೆಯುವುದನ್ನೇ ಅಪಾಯವೆಂದು ನಂಬಿದವಳು. ಇಂಥ ತಾಯಂದಿರನ್ನು ನಾನು ನಮ್ಮ ಬಂಧುಬಳಗದಲ್ಲೇ ಕಂಡಿದ್ದೇನೆ. ಅವರು ಸುಡುವುದಿಲ್ಲ, ಓದಿ, ನಾಲ್ಕು ಜನರ ಮುಂದೆ ಹೇಳಿಬಿಡುತ್ತಾರೆ. ನಿನ್ನ ಮೇಜಿನ ಡ್ರಾವರಿನಲ್ಲಿರುವ ನೀಲಿ ರಟ್ಟಿನ ಪುಸ್ತಕವನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ. ಅದು ನಿನ್ನದು. ನಿನಗೆ ಯಾವತ್ತಾದರೂ ಓದಿ ಹೇಳಬೇಕೆನಿಸಿದರೆ ಎಲ್ಲ ಕೆಲಸ ಬಿಟ್ಟು ಕೂತು ಕೇಳುತ್ತೇನೆ.

ಪದ್ಮಾ ವೆಂಕಟರಾಮನ್ ಅವರ ‘ಎ ಟೈಮ್ ಟು ಡಾನ್ಸ್’ (2014) ನಿನಗೆ ತುಂಬ ಇಷ್ಟ ಎಂದು ಗೊತ್ತು. ಚೆನ್ನೈನ ವೇದಾ ಅಪಘಾತದಲ್ಲಿ ಒಂದು ಕಾಲಿನ ಮೊಣಕಾಲ ಕೆಳಗಿನ ಭಾಗ ಕಳೆದುಕೊಂಡು, ಕೃತಕ ಕಾಲಿನಲ್ಲಿ ಭರತನಾಟ್ಯವನ್ನು ಮೊದಲಿನಿಂದ ಕಲಿಯುತ್ತಾಳೆ. ಇಲ್ಲದ ಕಾಲು ನೋಯುವ ಪುಟಗಳು ಚೆನ್ನಾಗಿವೆ. ಆದರೆ ಮುಂದೆ ಕಥೆ ಯಾವ ಕಡೆಗೆ ಹೋಗುತ್ತದೆಂದು ಬೇಗ ತಿಳಿದುಬಿಡುತ್ತದೆ. ಕವಿತೆಗಳೂ ಅಲ್ಲಲ್ಲಿ ವಿವರಿಸುವುದಕ್ಕೆ ಇಳಿಯುತ್ತವೆ. ಇದಕ್ಕೆ ನೀನು ಜಗಳ ಆಡುತ್ತೀಯ, ಆಡು.

ಇನ್ನು, ಪದ್ಯದಲ್ಲಿ ಕಥೆ ಹೇಳುವುದು ಅಮೆರಿಕದವರ ಹೊಸ ಕಸುಬು ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಮಾತು ಪೂರ್ತಿ ತಿರುಗುವ ಮೊದಲೇ ನೀನು ‘ಗೋವಿನ ಹಾಡು’ ಕೇಳಿ ಅತ್ತವಳು. ರಾಘವಾಂಕ ಹರಿಶ್ಚಂದ್ರನ ಇಡೀ ಕಥೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ. ಅಲ್ಲಿ ಛಂದಸ್ಸಿನ ಓಟವೇ ಕೇಳುವವರನ್ನು ಮುಂದಕ್ಕೆ ಒಯ್ಯುತ್ತದೆ. ನಿನ್ನ ಪುಸ್ತಕಗಳಲ್ಲಿ ನಿಲುಗಡೆ ಆ ಕೆಲಸ ಮಾಡುತ್ತದೆ. ಆ ನಿಲುಗಡೆಯೂ ನಮಗೆ ಹೊಸದಲ್ಲ. ತಾಳಮಾನ ಅರಿಯೆ, ‘ಆನು ಒಲಿದಂತೆ ಹಾಡುವೆ’ ಎಂದು ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ಹೇಳಿಯಾಗಿತ್ತು. ಗೋಪಾಲಕೃಷ್ಣ ಅಡಿಗರು 1946ರ ‘ಭಾವತರಂಗ’ದಲ್ಲಿ ಇಂಪಾಗಿ ಹಾಡಿದವರು, 1954ರ ‘ಚಂಡೆಮದ್ದಳೆ’ಯ ಹೊತ್ತಿಗೆ ಆ ಇಂಪನ್ನೇ ಒಡೆದರು. ಕರಾವಳಿಯ ಮೊಗೇರಿಯಲ್ಲಿ ಹುಟ್ಟಿದವರ ಕಿವಿಯಲ್ಲಿ ಯಕ್ಷಗಾನದ ಪೆಟ್ಟು ಇದ್ದೇ ಇತ್ತು. ಹಾಗಾಗಿ ಅವರ ಸಾಲು ಎಲ್ಲಿ ಮುರಿದರೂ ಲಯ ಕೈಬಿಡುವುದಿಲ್ಲ. ಲಯ ಒಳಗಿದ್ದವರು ಮುರಿಯುವುದಕ್ಕೂ ಅದಿಲ್ಲದವರು ಮುರಿಯುವುದಕ್ಕೂ ಇರುವ ವ್ಯತ್ಯಾಸವನ್ನು ಅಡಿಗರನ್ನು ಗಟ್ಟಿಯಾಗಿ ಓದಿದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಮನಸ್ಸಿನಲ್ಲೇ ಓದಬೇಡ, ಬಾಯಿಬಿಟ್ಟು ಓದು.

ನನಗೆ ಇರುವ ಒಂದು ಕೊರಗನ್ನೂ ಹೇಳಿಬಿಡುತ್ತೇನೆ. ಹದಿನೈದು, ಹದಿನಾರರ ಹುಡುಗಿಯ ಬಾಯಲ್ಲೇ ಹೇಳಿಸಿದ ಇಂಥ ಪದ್ಯಕಾದಂಬರಿ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ನಾವು ಚಂದಮಾಮದಿಂದ ನೇರವಾಗಿ ತೇಜಸ್ವಿಗೆ ಜಿಗಿದವರು. ಜಿಗಿತ ಸೊಗಸಾಗಿಯೇ ಇತ್ತು, ಆದರೆ ನಡುವಿನ ಆ ನಾಲ್ಕೈದು ವರ್ಷ ನಮ್ಮ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ಅಸೆವೆಡೊ ಬರೆಯಲು ಹೊರಟದ್ದೂ ಇಂಥದೇ ಕೊರತೆಯಿಂದ; ಅವರು ಟೀಚರ್ ಆಗಿದ್ದಾಗ ಮಕ್ಕಳು ತಮ್ಮಂಥವರ ಪುಸ್ತಕ ಎಲ್ಲಿ ಎಂದು ಕೇಳಿದ್ದರಂತೆ. ನಮ್ಮ ತರಗತಿಯ ಮಕ್ಕಳು ಹಾಗೆ ಕೇಳುವುದೂ ಇಲ್ಲ. ಇಂಥದ್ದೊಂದು ಪುಸ್ತಕ ಕನ್ನಡದಲ್ಲಿ ಇರಬಹುದು ಎಂಬುದೇ ಅವರ ಮನಸ್ಸಿಗೆ ಬಂದಿಲ್ಲ.

ನಾಳೆ ಕೊರಿಯರಿನಲ್ಲಿ ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಕಳಿಸುತ್ತೇನೆ, ಜೊತೆಗೆ ಚಟ್ನಿಪುಡಿಯೂ ಇದೆ. ನಮ್ಮ ಮೈಸೂರಿನವರೇ; ಷಿಕಾಗೋದಲ್ಲಿ ಪಾಠ ಮಾಡುತ್ತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕವಿತೆ ಬರೆದವರು. ಅವರ ಚಿಕ್ಕ ಸಾಲುಗಳನ್ನು ನಿನ್ನ ಗೆಳತಿಗೂ ಓದಲು ಕೊಡು. ಕೂಡಿಸಿ ಬರೆದು ಪರೀಕ್ಷಿಸಲಿ. ಅಸೆವೆಡೊ ಅವರದೇ ‘ಕ್ಲ್ಯಾಪ್ ವೆನ್ ಯು ಲ್ಯಾಂಡ್’ ನಿನ್ನ ಹತ್ತಿರವೇ ಇದೆಯಲ್ಲ, ದಸರಾ ರಜೆಗೆ ಬರುವಾಗ ಮರೆಯದೆ ತಾ. ಒಬ್ಬ ತಂದೆಯ ಸಾವಿನ ನಂತರ ಒಬ್ಬರನ್ನೊಬ್ಬರು ಕಂಡುಕೊಳ್ಳುವ ಇಬ್ಬರು ಹೆಣ್ಣುಮಕ್ಕಳ ಕಥೆ ಎಂದೆಯಲ್ಲ. ಇಬ್ಬರ ದನಿಯನ್ನೂ ಲೇಖಕಿ ಸಾಲಿನ ಅಳತೆಯಲ್ಲೇ ಬೇರೆ ಮಾಡಿದ್ದಾರೋ ಇಲ್ಲವೋ ನೋಡಬೇಕು.

ನಿನ್ನ
ಅಮ್ಮ