ಫಲ ಕೊಡದ ಪ್ರಯೋಗದ ಲೆಕ್ಕವನ್ನೂ ಕೇಳಿ, ಸಚಿವರೇ

ಮಾನ್ಯ ವಿಜ್ಞಾನ ಸಚಿವರಿಗೆ ನಮಸ್ಕಾರಗಳು.

ಸಂಶೋಧನೆಗೆ ನಿಮ್ಮ ಇಲಾಖೆ ಕೊಡುವ ದುಡ್ಡು ಜನರದ್ದು. ಅದರಲ್ಲಿ ಗೆದ್ದ ಪ್ರಯೋಗಗಳ ಸುದ್ದಿ ನಮಗೆ ಬರುತ್ತದೆ. ಉಳಿದವು ಏನಾದವು ಅಂತ ಯಾರೂ ಕೇಳುವುದಿಲ್ಲ.

1980ರಲ್ಲಿ ಬ್ರಿಟನ್ನಿನ ವೈದ್ಯರು ಲಾರ್ಕೇನೈಡ್ ಎಂಬ ಔಷಧಿಯನ್ನು ಹೃದಯಾಘಾತವಾದ ಸುಮಾರು ನೂರು ರೋಗಿಗಳಲ್ಲಿ ಪರೀಕ್ಷಿಸಿದರು. ಎದೆಬಡಿತದ ಏರುಪೇರು ತಡೆಯುವ ಔಷಧಿ ಅದು. ಅರ್ಧದಷ್ಟು ಜನರಿಗೆ ಔಷಧಿ, ಉಳಿದವರಿಗೆ ಪ್ಲಸಿಬೊ, ಅಂದರೆ ಔಷಧಿಯ ಹಾಗೇ ಕಾಣುವ, ಆದರೆ ಔಷಧಿಯ ಅಂಶವೇ ಇಲ್ಲದ ಮಾತ್ರೆ ಅಥವಾ ಚುಚ್ಚುಮದ್ದು. ಔಷಧಿ ಪಡೆದವರಲ್ಲಿ ಒಂಬತ್ತು ಜನ ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಒಬ್ಬರು. ಆಕಸ್ಮಿಕ ಇರಬೇಕು ಅಂದುಕೊಂಡರು ವೈದ್ಯರು. ಅಷ್ಟರಲ್ಲಿ ವ್ಯಾಪಾರದ ಕಾರಣಕ್ಕೆ ಆ ಔಷಧಿಯನ್ನೇ ಕೈಬಿಡಲಾಯಿತು. ಫಲಿತಾಂಶ ಅಚ್ಚಾಗಿದ್ದು 1993ರಲ್ಲಿ! ಈ ನಡುವೆ ಅದೇ ಬಗೆಯ ಬೇರೆ ಔಷಧಿಗಳನ್ನು ಎಷ್ಟೋ ರೋಗಿಗಳಿಗೆ ಬರೆದುಕೊಡಲಾಗಿತ್ತು. ಅವುಗಳಲ್ಲಿ ಎರಡು ಜೀವಕ್ಕೇ ಅಪಾಯ ಎಂದು 1989ರಲ್ಲಿ ಒಂದು ದೊಡ್ಡ ಪರೀಕ್ಷೆ ತೋರಿಸಿತು. ತಾವು ಆಗಲೇ ಪ್ರಕಟಿಸಿದ್ದರೆ ಮುನ್ಸೂಚನೆ ಸಿಗಬಹುದಿತ್ತು ಎಂದು ಆ ವೈದ್ಯರೇ ಆಮೇಲೆ ಬರೆದರು.

ಇದೊಂದೇ ಪ್ರಕರಣ ಅಲ್ಲ. ಖಿನ್ನತೆಯ ಔಷಧಿಗಳ ಮೇಲೆ ನಡೆದು, ಅಮೆರಿಕದ ಔಷಧ ನಿಯಂತ್ರಕರಲ್ಲಿ ನೋಂದಣಿಯಾಗಿದ್ದ 74 ಅಧ್ಯಯನಗಳನ್ನು ತಾಳೆ ಹಾಕಿದ ವರದಿ 2008ರಲ್ಲಿ ಬಂತು. ಔಷಧಿ ಕೆಲಸ ಮಾಡಿದೆ ಎಂದು ನಿಯಂತ್ರಕರು ಒಪ್ಪಿದ್ದು 38. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಎಲ್ಲೂ ಬರಲೇ ಇಲ್ಲ. ಇನ್ನು 11ನ್ನು ಗೆದ್ದ ಹಾಗೆ ಕಾಣುವಂತೆ ಬರೆಯಲಾಗಿತ್ತು. ವೈದ್ಯಕೀಯ ಸಂಶೋಧನಾ ಪತ್ರಿಕೆ ಓದಿ ಔಷಧಿ ಬರೆಯುವ ವೈದ್ಯರು ಪಾಪ ಏನು ಮಾಡಬೇಕು?

ಇದಕ್ಕೆ ವಿಜ್ಞಾನಿಗಳನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂಬ ಲೇಖನದಿಂದ ಬಡ್ತಿಯೂ ಸಿಗದು, ಮುಂದಿನ ಅನುದಾನವೂ ಸಿಗದು. ಅಂಥದ್ದನ್ನು ಬರೆಯಲು ತಿಂಗಳುಗಟ್ಟಲೆ ಯಾರು ಕೂರುತ್ತಾರೆ? ಕೊನೆಗೆ ಅದೇ ದಾರಿಯಲ್ಲಿ ಇನ್ನೊಂದು ಪ್ರಯೋಗಾಲಯ ಹೊರಡುತ್ತದೆ, ಅದೂ ನಿಮ್ಮದೇ ಅನುದಾನದಲ್ಲಿ.

ಎಡವಟ್ಟಾದ ಪ್ರಯೋಗಗಳನ್ನೆಲ್ಲ ಅಚ್ಚು ಹಾಕಿ ಅನ್ನುತ್ತಿಲ್ಲ. ಉಪಕರಣ ಕೆಟ್ಟಿದ್ದರೆ ಅದರಿಂದ ಕಲಿಯುವುದು ಕಡಿಮೆ. ಸರಿಯಾಗಿ ಮಾಡಿಯೂ ‘ಇಲ್ಲ’ ಎಂಬ ಉತ್ತರ ಬಂದಿದ್ದರೆ, ಅದೂ ಉತ್ತರವೇ ಅಲ್ವಾ?

ನಿಮ್ಮ ಕೈಯಲ್ಲಿರುವುದು ಅನುದಾನದ ಷರತ್ತು. ಕೆಲಸ ಶುರುವಾಗುವ ಮೊದಲೇ ಯೋಜನೆ ಎಲ್ಲರಿಗೂ ಕಾಣುವಂತೆ ನೋಂದಣಿಯಾಗಲಿ. ಮುಗಿದ ಒಂದು ವರ್ಷದೊಳಗೆ ಫಲಿತಾಂಶ, ಅದು ಏನೇ ಇರಲಿ, ಹೊರಬರಲಿ. ದೊಡ್ಡ ಪತ್ರಿಕೆಯೇ ಬೇಕೆಂದಿಲ್ಲ, ಅಂಕಿಅಂಶಗಳಿರುವ ನಾಲ್ಕು ಪುಟದ ವರದಿ ಸಾಕು. ಅಲ್ಲಿಯವರೆಗೆ ಕೊನೆಯ ಕಂತು ತಡೆಹಿಡಿಯಿರಿ. ಬಡ್ತಿಯ ಸಮಿತಿಗಳು ಆ ವರದಿಗೂ ಅಂಕ ಕೊಡಲಿ, ಇಲ್ಲದಿದ್ದರೆ ಷರತ್ತು ಕಾಗದದ ಮೇಲೇ ಉಳಿಯುತ್ತದೆ.

ಮುಂದಿನ ಅನುದಾನದ ಅರ್ಜಿ ನಮೂನೆಯಲ್ಲೇ ಇದನ್ನು ಸೇರಿಸಬಹುದು. ಹೊಸ ಕಾನೂನು ಬರುವ ತನಕ ಕಾಯಬೇಕಿಲ್ಲ.

ಇಂತಿ,
ವಿಜ್ಞಾನದಲ್ಲಿ ಆಸಕ್ತಿಯಿರುವ ಒಬ್ಬ ತೆರಿಗೆದಾರ