ಮಗಳಿಗೊಂದು ಪತ್ರ: ತಿಂಗಳ ಕಾಣಿಕೆ ಕಳಿಸುವ ಮೊದಲು

ಮಂಗಳೂರು

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ಯೂತ್ ಫೆಲೋಶಿಪ್ಪಿನಲ್ಲಿ ನಿನ್ನ ಪಕ್ಕ ನಿಂತು ಹಾಡುತ್ತಿದ್ದವಳು ಗಂಡನ ಜೊತೆ ಒಡಿಶಾದ ಕೊರಾಪುಟ್ ಕಡೆ ಮಿಷನರಿ ಸೇವೆಗೆ ಹೋಗಿದ್ದಾಳೆ, ಬೆಂಬಲಿಗರನ್ನು ಅವರೇ ಹುಡುಕಿಕೊಳ್ಳಬೇಕಂತೆ, ನಿನ್ನ ಹತ್ತಿರ ತಿಂಗಳಿಗೆ ಹತ್ತು ಸಾವಿರ ಕೇಳಿದ್ದಾಳೆ. ‘ಕೊಡಲಾ ಅಮ್ಮ?’ ಅಂತ ಬರೆದಿದ್ದೀ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಮಧ್ಯದಲ್ಲಿ ನಿನ್ನ ಪಪ್ಪ ಫೋನ್ ಕಸಿದುಕೊಂಡು ಅಲ್ಲಿ ಚಳಿ ಎಷ್ಟು ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೊಡು. ಆದರೆ ಕೊಟ್ಟ ಹಣದ ದಾರ ನಿನ್ನ ಕೈಯಲ್ಲಿ ಉಳಿಯದ ಹಾಗೆ ಕೊಡು.

ನೀನೀಗ ಇರುವ ಸ್ಟುಟ್‌ಗಾರ್ಟ್ ಸೀಮೆಗೂ ಈ ವಿಷಯಕ್ಕೂ ಹಳೆಯ ನಂಟು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರಲ್ಲ, ಅವರನ್ನು ಕಳಿಸಿದ ಬಾಸೆಲ್ ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಮಿಷನರಿಗಳಲ್ಲಿ ಬಹಳಷ್ಟು ಮಂದಿ ನಿನ್ನ ಸುತ್ತಲಿನ ವ್ಯೂರ್ಟೆಂಬರ್ಗಿನವರೇ. ಹಣ ದೊಡ್ಡ ದಣಿಗಳದ್ದೇ ಇರಬೇಕು ಅಂತ ನಾನೂ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. 1855ರಲ್ಲಿ ಬಾಸೆಲಿನ ಕಾರ್ಲ್ ಸರಾಸಿನ್ ಅನ್ನುವವರು ‘ಅರ್ಧ ಬಾಟ್ಸನ್’ ಕಾಣಿಕೆ ಅಂತ ಶುರು ಮಾಡಿದರು. ಒಬ್ಬೊಬ್ಬರಿಂದ ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಐದು ರಾಪನ್, ಅಲ್ಲಿಯ ಪುಡಿಗಾಸು. ಅದನ್ನು ಮನೆಮನೆಗೆ ಹೋಗಿ ಕೂಡಿಸುತ್ತಿದ್ದರು. ಇಲ್ಲಿಯ ಶಾಲೆಗಳು, ಬಲ್ಮಠದ ಅಚ್ಚುಕೂಟ, ನಮ್ಮ ಅಜ್ಜಂದಿರಿಗೆ ಅಕ್ಷರ ಕಲಿಸಿದ ಉಪದೇಶಿಗಳು, ಇವರ ಹಿಂದೆಲ್ಲ ಅಂಥ ಚಿಲ್ಲರೆ ಕಾಸಿದೆ.

ಆ ಕಾಸು ಯಾವ ಮಿಷನರಿಯ ಹೆಸರಿಗೂ ನೇರವಾಗಿ ಹೋಗುತ್ತಿರಲಿಲ್ಲ. ಒಂದೇ ಪೆಟ್ಟಿಗೆ, ಅದರಿಂದ ಎಲ್ಲರ ಖರ್ಚಿಗೆ. ಚೆನ್ನಾಗಿ ಮಾತಾಡುವವನಿಗೆ ಹೆಚ್ಚು, ಮೂಲೆಯಲ್ಲಿ ಕೂತು ವ್ಯಾಕರಣ ಬರೆಯುವವನಿಗೆ ಕಡಿಮೆ ಎಂಬುದಿರಲಿಲ್ಲ. ಆದರೆ ಪೆಟ್ಟಿಗೆಯ ಕೀಲಿಕೈ ಯಾರ ಕೈಯಲ್ಲಿತ್ತೋ ಯಜಮಾನಿಕೆಯೂ ಅವರದ್ದೇ. ಮಿಷನರಿ ಮದುವೆಯಾಗಬೇಕಾದರೂ ಬಾಸೆಲಿನ ಕಮಿಟಿಯ ಒಪ್ಪಿಗೆ ಬೇಕಿತ್ತು. ಹುಡುಗಿಯನ್ನು ಒಮ್ಮೆಯೂ ನೋಡದೆ, ಹಡಗಿನಿಂದ ಇಳಿದವಳ ಕೈಹಿಡಿದವರೂ ಇದ್ದರು!

ಒಬ್ಬನೇ ಮನುಷ್ಯ ಕೊಟ್ಟ ಹಣದಿಂದ ಆದ ಕೆಲಸವೂ ನಮ್ಮಲ್ಲೇ ಇದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಸಾಹೇಬರು ಜೈಮಿನಿ ಭಾರತ, ದಾಸರ ಪದಗಳು ಮುಂತಾದ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದರು ಅಂತ ನೀನು ಶಾಲೆಯಲ್ಲಿ ಕಲಿತಿದ್ದೀ. ಅದಕ್ಕೆ ಹಣದ ನೆರವು ಕೊಟ್ಟವರು ಕಾಸಮೇಜರ್ ಎಂಬ ಮದ್ರಾಸಿನ ನಿವೃತ್ತ ನ್ಯಾಯಾಧೀಶರು. ಸುವಾರ್ತೆಗೆಂದು ಕೂಡಿಸಿದ ಕಾಣಿಕೆಯಲ್ಲಿ ಪುರಂದರದಾಸರನ್ನು ಅಚ್ಚು ಹಾಕಿಸುತ್ತೇವೆ ಅಂದರೆ ಯಾವ ಕಮಿಟಿ ತಲೆಯಾಡಿಸೀತು? ಒಬ್ಬೊಬ್ಬರೇ ಕೊಡುವುದನ್ನು ನಾನು ಪೂರ್ತಿ ತಳ್ಳಿಹಾಕದಿರುವುದಕ್ಕೆ ಇದೂ ಒಂದು ಕಾರಣ.

ಬೈಬಲಿನ ಅಪೊಸ್ತಲ ಪೌಲನ ವಿಷಯ ನಿನಗೆ ಗೊತ್ತೇ ಇದೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅಂತ ಕೊರಿಂಥದ ಸಭೆಯವರಿಗೆ ಬರೆದದ್ದೂ ಅವನೇ, ಅದೇ ಕೊರಿಂಥದವರಿಂದ ಕಾಸು ತೆಗೆದುಕೊಳ್ಳದೆ ಗುಡಾರ ಹೊಲಿದು ಉಂಡವನೂ ಅವನೇ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡ. ಯಾಕಿರಬಹುದು? ನನಗನ್ನಿಸುವುದು ಇಷ್ಟು: ಫಿಲಿಪ್ಪಿಯವರು ಕೊಟ್ಟು ಸುಮ್ಮನಿರುತ್ತಿದ್ದರು. ಕೊರಿಂಥದವರು ಕೊಟ್ಟಿದ್ದರೆ ಮರುದಿನದಿಂದಲೇ ಅವನ ಪ್ರಸಂಗಕ್ಕೆ ಅಂಕ ಹಾಕಲು ಕೂರುತ್ತಿದ್ದರು.

ಇಲ್ಲೇ ನನಗೆ ಹೆದರಿಕೆ. ನಿನ್ನ ಸ್ನೇಹಿತೆ ಪ್ರತಿ ತಿಂಗಳೂ ‘ಪ್ರಾರ್ಥನಾ ಪತ್ರ’ ಕಳಿಸುತ್ತಾಳಲ್ಲ, ಅದು ಬೆಂಬಲಿಗರಿಗಾಗಿ ಬರೆಯುವ ಪತ್ರ. ಈ ತಿಂಗಳು ಏನೂ ಆಗಲಿಲ್ಲ, ಮಳೆ ಬಂತು, ಗಂಡನಿಗೆ ಮಲೇರಿಯಾ, ಭಾಷೆಯ ಒಂದು ಕ್ರಿಯಾಪದ ಇನ್ನೂ ಬಾಯಿಗೆ ಹತ್ತಲಿಲ್ಲ ಅಂತ ಬರೆಯುವ ಧೈರ್ಯ ಅವಳಿಗೆ ಇರಬೇಕು. ನಮ್ಮ ಸಭೆಗೆ ಬರುವ ಇಂಥ ಪತ್ರಗಳನ್ನು ಕಮಿಟಿಯಲ್ಲಿ ಓದಿ ಹೇಳುವವಳು ನಾನೇ. ಓದಿ ಮುಗಿಸಿದ ಕೂಡಲೇ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ‘ಈ ವರ್ಷ ಎಷ್ಟು ದೀಕ್ಷಾಸ್ನಾನ ಆಯಿತು?’ ಅಡಿಕೆ ಎಷ್ಟು ಕ್ವಿಂಟಲ್ ಆಯಿತು ಅಂತ ವಿಚಾರಿಸುವ ಧಾಟಿ! ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಕೃಷ್ಣ ಪಾಲ್ ಎಂಬ ಬಡಗಿಗೆ ಅವರು ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರಿನಲ್ಲಿ. ಅವರಿಂದ ದೀಕ್ಷಾಸ್ನಾನ ಪಡೆದ ಬಂಗಾಳಿಗಳಲ್ಲಿ ಅವನೇ ಮೊದಲನೆಯವನು. ವಾರಕ್ಕೊಂದು ಪೆನ್ನಿ ಕೂಡಿಸಿ ಅಂತ 1792ರಲ್ಲಿ ಬರೆದವರೂ ಕೇರಿಯೇ. ಆ ಪೆನ್ನಿ ಕೊಟ್ಟವರು ಏಳು ವರ್ಷ ಲೆಕ್ಕ ಕೇಳುತ್ತ ಕೂತಿದ್ದರೆ ಏನಾಗುತ್ತಿತ್ತೋ. ನಡುವೆ ಕಾಸಿಗೆ ಕಷ್ಟವಾದಾಗ ಕೇರಿ ಮಾಲ್ಡಾ ಕಡೆಯ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಇನ್ನು ನನಗೆ ನಿಮ್ಮ ಹಣ ಬೇಡ ಅಂತ ಇಂಗ್ಲೆಂಡಿಗೆ ಬರೆದುಬಿಟ್ಟರು. ಅಲ್ಲಿ ಕೆಲವರಿಗೆ ಸಮಾಧಾನಕ್ಕಿಂತ ಚಿಂತೆಯೇ ಹೆಚ್ಚಾಯಿತು. ಅದೇ ಮನುಷ್ಯ 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಅಚ್ಚು ಮಾಡಿಸಿದ್ದಾರೆ.

ಮಿಷನರಿ ಅಂದರೆ ಪರದೇಶದ ದುಡ್ಡು ಅನ್ನುವ ಮಾತು ಈಗಲೂ ಕೇಳುತ್ತೇವೆ. 1905ರ ಕ್ರಿಸ್ಮಸ್ ದಿನ ಬಂಗಾಳದ ಸೆರಾಂಪುರದಲ್ಲಿ ಕ್ರೈಸ್ತ ಮುಖಂಡ ಅಜರಯ್ಯ ಮೊದಲಾದವರು ಸೇರಿ ನ್ಯಾಷನಲ್ ಮಿಷನರಿ ಸೊಸೈಟಿ ಕಟ್ಟಿದಾಗಲೇ ಜನ, ಹಣ, ಆಡಳಿತ ಮೂರೂ ಭಾರತದ್ದೇ ಇರಬೇಕು ಅಂತ ನಿಶ್ಚಯಿಸಿದ್ದರು. ಮಿಜೋರಾಮಿನ ಹೆಂಗಸರು ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ, ‘ಬುಹ್‌ಫಾಯ್ ಥಾಮ್’ ಅಂತ. 1910ರ ಹೊತ್ತಿಗೆ ಶುರುವಾದ ಕ್ರಮ ಇವತ್ತಿಗೂ ನಿಂತಿಲ್ಲ. ಆ ಅಕ್ಕಿ ಮಾರಿದ ಹಣ ಸಭೆಯ ಕೆಲಸಕ್ಕೆ, ಮಿಷನರಿಗಳ ಸಂಬಳಕ್ಕೆ ಹೋಗುತ್ತದೆ. ನಮ್ಮೂರಿಗೂ ಆ ಪಾಠ ಬೇಕಾಗಿತ್ತು. 1914ರಲ್ಲಿ ಯುದ್ಧ ಬಂದು ಜರ್ಮನ್ ಮಿಷನರಿಗಳನ್ನು ಸರಕಾರ ಹಿಡಿದಿಟ್ಟಿತು, ಹೆಂಚಿನ ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು.

ನಮ್ಮ ಜನ ಕೊಡುವುದನ್ನು ನೋಡಬೇಕಾದರೆ ಬೆಳೆ ಹಬ್ಬದ ಏಲಮ್ಮಿಗೆ ಬರಬೇಕು. ಈ ಸಲ ಯಾರೋ ಒಂದು ಸೋರೆಕಾಯಿ ತಂದಿದ್ದರು, ಮೊಣಕೈ ಉದ್ದದ್ದು, ಒಂದು ಕಡೆ ಸ್ವಲ್ಪ ಸೊಟ್ಟ. ಇನ್ನೂರಕ್ಕೆ ಕೂಗಿದವರು ಅದನ್ನು ಮನೆಗೆ ಒಯ್ಯದೆ ಪುನಃ ಮೇಜಿನ ಮೇಲಿಟ್ಟರು. ಎರಡನೆಯವರು ಮುನ್ನೂರೈವತ್ತು ಕೊಟ್ಟು ಅವರೂ ವಾಪಸು ಇಟ್ಟರು. ಕೊನೆಗೆ ಸಭಾಪಾಲಕರ ಹೆಂಡತಿ ‘ಸಾಕು ಮಾರಾಯ್ರೇ, ಬಾಡಿ ಹೋಗ್ತದೆ’ ಅಂತ ಅದನ್ನು ಎತ್ತಿಕೊಂಡು ಒಳಗೆ ಹೋದರು. ರಶೀದಿ ಪುಸ್ತಕ ನನ್ನ ಕೈಯಲ್ಲಿತ್ತು. ಒಂದೇ ಸೋರೆಕಾಯಿಗೆ ಬೇರೆಬೇರೆ ಹೆಸರಿನಲ್ಲಿ ರಶೀದಿ ಬರೆದು ಸುಸ್ತಾದೆ.

ಇನ್ನು ಲೆಕ್ಕದ ವಿಷಯ. ಅವಳ ಸ್ವಂತ ಖಾತೆಗೆ ಹಾಕಬೇಡ. ನೆಂಟರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು ₹50,000 ದಾಟಿದರೆ ಅಷ್ಟೂ ಅವಳ ಆದಾಯವೆಂದೇ ಲೆಕ್ಕ, ತೆರಿಗೆ ಬೀಳುತ್ತದೆ. ಹತ್ತಾರು ಬೆಂಬಲಿಗರಿರುವವಳಿಗೆ ಅದು ಎಷ್ಟರ ಮಾತು? ಅವರನ್ನು ಕಳಿಸಿದ ಸಂಸ್ಥೆಯ ಖಾತೆಗೇ ಹಾಕು, ರಶೀದಿ ಕೇಳಿ ತೆಗೆದುಕೋ. ನಿನ್ನ ಪಾಸ್‌ಪೋರ್ಟ್ ಭಾರತದ್ದೇ ಇರುವ ತನಕ, ನಿನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ನಾಳೆ ಜರ್ಮನ್ ಪೌರತ್ವ ತೆಗೆದುಕೊಂಡೆಯೋ, ಅದೇ ಹಣ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ಬರುತ್ತದೆ. ಆಗ ಆ ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ 2020ರ ತಿದ್ದುಪಡಿಯ ಮೇಲೆ ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ, ಅದನ್ನು ತೆಗೆದುಕೊಳ್ಳಬಹುದು. ಆಫೀಸಿನ ಜರ್ಮನ್ ಗೆಳತಿಯರು ‘ನಮ್ಮದೂ ಇದಕ್ಕೆ ಸೇರಿಸು’ ಅಂದರೆ ಮುಲಾಜಿಗೆ ಬಿದ್ದು ಒಪ್ಪಬೇಡ.

ಒಡಿಶಾದಲ್ಲಿ 1967ರಿಂದಲೇ ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡುವುದರ ವಿರುದ್ಧ ಕಾನೂನಿದೆ. ನೀನು ಪ್ರೀತಿಯಿಂದ ಕಳಿಸಿದ ಕಂಬಳಿ, ಮಕ್ಕಳ ಫೀಸು ಕೂಡ ಕೆಟ್ಟ ಕಣ್ಣಿಗೆ ಆಮಿಷವಾಗಿ ಕಾಣಬಹುದು. ಹಣ ಯಾವುದಕ್ಕೆ ಅನ್ನುವುದು ಕಾಗದದ ಮೇಲೆ ಸ್ಪಷ್ಟ ಇರಲಿ. ಹಂಚುವುದು ಬಿಡುವುದು ಅಲ್ಲಿದ್ದವರ ವಿವೇಕ. ಇಲ್ಲಿಂದ ನಾವು ‘ಹೀಗೆ ಮಾಡಿ’ ಅನ್ನುವುದು ಬೇಡ.

ಸಂಸ್ಥೆಯವರನ್ನು ಕೇಳಲು ನಿನಗೆ ಸಂಕೋಚವಾದರೆ ನಾನೇ ಕೇಳುತ್ತೇನೆ: ಪ್ರಾವಿಡೆಂಟ್ ಫಂಡ್ ಕಟ್ಟುತ್ತೀರಾ? ಆಸ್ಪತ್ರೆ ವಿಮೆ ಇದೆಯಾ? ಬೆಂಬಲ ಹೆಚ್ಚು ಬಂದವರದ್ದೂ ಕಡಿಮೆ ಬಂದವರದ್ದೂ ಒಟ್ಟು ಹಾಕಿ ಹಂಚುತ್ತೀರಾ, ಅಥವಾ ಸಿಕ್ಕಿದವರಿಗೆ ಸಿಕ್ಕಿತು ಅಂತಲಾ? ಪಿ.ಎಫ್. ಇಲ್ಲದೆ ಮೂವತ್ತು ವರ್ಷ ಸೇವೆ ಮಾಡಿ, ಮುದಿವಯಸ್ಸಿನಲ್ಲಿ ಅಳಿಯನ ಮನೆಯ ಚಾವಡಿಯಲ್ಲಿ ಕೂತವರನ್ನು ನಾನು ಕಂಡಿದ್ದೇನೆ. ಅಷ್ಟು ಹೊತ್ತಿಗೆ ಬೆಂಬಲಿಗರೆಲ್ಲ ಬೇರೆ ಯಾರದೋ ಫೋಟೋ ಫ್ರಿಡ್ಜಿಗೆ ಅಂಟಿಸಿಕೊಂಡಿರುತ್ತಾರೆ.

ಹತ್ತು ಸಾವಿರ ಬೇಡ, ಐದು ಸಾವಿರ ಅನ್ನು. ನಿನ್ನ ಕೆಲಸ ಹೋದರೂ ಒಂದು ವರ್ಷ ಕೊಡಲಾಗುವ ಮೊತ್ತ ಅದು. ಎರಡು ವರ್ಷ ಧಾರಾಳ ಕೊಟ್ಟು ಮೂರನೆಯ ವರ್ಷ ಹೇಳದೆ ಕೇಳದೆ ನಿಲ್ಲಿಸುವವರೇ ಹೆಚ್ಚು. ಅಲ್ಲಿ ಬಾಡಿಗೆ, ಮಕ್ಕಳ ಶಾಲೆ ಯಾವುದೂ ನಿಲ್ಲುವುದಿಲ್ಲ. ನಿಲ್ಲಿಸಲೇಬೇಕಾದರೆ ಆರು ತಿಂಗಳ ಮುಂಚೆ ತಿಳಿಸು. ಪತ್ರ ಬರೆಯದಿದ್ದರೂ ಹಣ ಬರುತ್ತದೆ ಅಂತ ಅವಳಿಗೆ ಈಗಲೇ ಬಾಯಿಬಿಟ್ಟು ಹೇಳು. ಉಳಿದ ಐದು ಸಾವಿರ ಬೇರೆ ಇಡು, ಅವಳಿಗೆ ಊರಿಗೆ ಬರಲು ರೈಲು ಟಿಕೆಟಿಗೋ ಹಲ್ಲು ಕೀಳಿಸುವುದಕ್ಕೋ ಒಂದು ದಿನ ಬೇಕಾಗುತ್ತದೆ. ಅವಳಾಗಿ ಕೇಳಲಾರಳು, ನೀನೇ ವಿಚಾರಿಸಬೇಕು.

ನಮ್ಮ ಹೆಸರಿನಲ್ಲೂ ತಿಂಗಳಿಗೆ ಒಂದು ಸಾವಿರ ಕೊಡುವುದೆಂದು ಪಪ್ಪ ಹೇಳಿದ್ದಾರೆ. ಸಂಸ್ಥೆಯ ಖಾತೆ ನಂಬರು, ಐಎಫ್‌ಎಸ್‌ಸಿ ಎರಡೂ ಸಿಕ್ಕಿದ ಕೂಡಲೇ ನನಗೂ ಕಳಿಸು. ಸೋಮವಾರ ಬ್ಯಾಂಕಿಗೆ ಹೋಗಲಿಕ್ಕಿದೆ.

ನಿನ್ನ ಅಮ್ಮ